ಒಲವಿದ್ದ ಮಾತ್ರಕ್ಕೆ ಗೌರವ ಇದ್ದೀತೆ?

ಕಂಪ್ಯೂಟರ್ ಪರದೆಯ ಮೇಲೆ ಒಂದೊಂದೇ ಪದ ಮೂಡುತ್ತದೆ: ‘ಸವಿತಾ’, ‘ನಗು’, ‘ರಮೇಶ’, ‘ಕೊಳಕು’. ಹೆಣ್ಣಿನ ಹೆಸರೋ ಒಳ್ಳೆಯ ಪದವೋ ಬಂದರೆ ಎಡಗಡೆಯ ಕೀಲಿ ಒತ್ತಬೇಕು. ಗಂಡಿನ ಹೆಸರೋ ಕೆಟ್ಟ ಪದವೋ ಬಂದರೆ ಬಲಗಡೆಯದು. ಸ್ವಲ್ಪ ಹೊತ್ತಿಗೆ ಜೋಡಿ ಅದಲುಬದಲು. ಈಗ ‘ನಗು’ ಗಂಡಸರ ಕಡೆ, ‘ಕೊಳಕು’ ಹೆಂಗಸರ ಕಡೆ. ಯೋಚಿಸಲು ಬಿಡುವಿಲ್ಲ. ಯಾವ ಜೋಡಿಗೆ ಬೆರಳು ಸಲೀಸಾಗಿ ಓಡಿತು, ಯಾವುದಕ್ಕೆ ತಡವರಿಸಿತು ಎಂಬುದನ್ನು ಯಂತ್ರ ಮಿಲಿಸೆಕೆಂಡುಗಳಲ್ಲಿ ಅಳೆಯುತ್ತದೆ.

ಅಮೆರಿಕದ ಮನೋವಿಜ್ಞಾನಿ ಆಂಥನಿ ಗ್ರೀನ್‌ವಾಲ್ಡ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಈ ಪರೀಕ್ಷೆಯ ಹೆಸರು ‘ಇಂಪ್ಲಿಸಿಟ್ ಅಸೋಸಿಯೇಷನ್ ಟೆಸ್ಟ್’. ಮನಸ್ಸಿನೊಳಗೆ ಮೊದಲೇ ಹೆಣೆದುಕೊಂಡ ಸಂಗತಿಗಳು ಜೊತೆಯಾಗಿ ಬಂದರೆ ಕೈ ಚುರುಕಾಗುತ್ತದೆ ಎಂಬುದೇ ಇದರ ತತ್ವ.

ಗಂಡಾಳ್ವಿಕೆಯ ಸಮಾಜದಲ್ಲಿ ಗಂಡಸರ ಬೆರಳು ಗಂಡಸರ ಕಡೆಗೇ ವಾಲಬೇಕಲ್ಲವೆ? ಮನೋವಿಜ್ಞಾನಿಗಳಾದ ಲಾರಿ ರಡ್‌ಮನ್ ಮತ್ತು ಸ್ಟೆಫನಿ ಗುಡ್‌ವಿನ್ 2004ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಹಾಗಾಗಲಿಲ್ಲ. ಹೆಂಗಸರಿಗೆ ಹೆಂಗಸರ ಮೇಲಿದ್ದ ಸುಪ್ತ ಒಲವು, ಗಂಡಸರಿಗೆ ಗಂಡಸರ ಮೇಲಿದ್ದ ಒಲವಿಗಿಂತ ಎಷ್ಟೋ ಬಲವಾಗಿತ್ತು. ತಂದೆಗಿಂತ ತಾಯಿಯನ್ನು ಹೆಚ್ಚು ಹಚ್ಚಿಕೊಂಡವರು, ಗಂಡಸೆಂದರೆ ಹಿಂಸೆ ಎಂದು ಒಳಗೊಳಗೇ ಬೆಸೆದುಕೊಂಡವರು ಹೆಣ್ಣಿನ ಕಡೆಗೆ ಹೆಚ್ಚು ವಾಲಿದ್ದರು. ಲೈಂಗಿಕ ಅನುಭವವಿದ್ದ ಗಂಡಸರಲ್ಲಿ, ಲೈಂಗಿಕತೆಯ ಬಗ್ಗೆ ಒಲವು ಹೆಚ್ಚಿದಷ್ಟೂ ಈ ವಾಲಿಕೆ ಹೆಚ್ಚಿತ್ತು.

ಯಾರ ಕಡೆಗೆ ಆಕರ್ಷಣೆ ಎಂಬ ಪ್ರಶ್ನೆಯೂ ಇಲ್ಲೇ ಏಳುತ್ತದೆ. ಆಕರ್ಷಣೆ ಈ ಹೆಣಿಗೆಯ ಒಂದು ಎಳೆ. ಗಂಡಸರನ್ನೇ ಪ್ರೀತಿಸುವ ಗಂಡಸಿನಲ್ಲಿ ಆ ಎಳೆ ಬೇರೆ ಕಡೆಗೆ ಸಾಗುತ್ತದೆ. ಆದರೆ ತಾಯಿಯ ಮಡಿಲು, ಬಾಲ್ಯದಲ್ಲಿ ಕಂಡ ಗಂಡಸಿನ ಸಿಟ್ಟು, ಬೆಳೆದ ಮನೆಯ ರೀತಿನೀತಿ ಅವನಿಗೂ ಉಂಟು. ಆದ್ದರಿಂದ ಒಬ್ಬ ಯಾರನ್ನು ಪ್ರೀತಿಸುತ್ತಾನೆ ಎಂದು ತಿಳಿದ ಮಾತ್ರಕ್ಕೆ, ಹೆಣ್ಣನ್ನು ಹೇಗೆ ಕಾಣುತ್ತಾನೆ ಎಂದು ಹೇಳಲಾಗದು.

ಹೆಣ್ಣಿನ ಮೇಲೆ ಮೋಹವಿರುವವನು ಅವಳನ್ನು ಸಮಾನಳೆಂದು ಎಣಿಸುತ್ತಾನೆ ಎನ್ನಲೂ ಬಾರದು. ಮನೋವಿಜ್ಞಾನಿಗಳಾದ ಪೀಟರ್ ಗ್ಲಿಕ್ ಮತ್ತು ಸೂಸನ್ ಫಿಸ್ಕ್ 1996ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಹೆಣ್ಣನ್ನು ಕಾಪಾಡಬೇಕು, ಪೂಜಿಸಬೇಕು ಎನ್ನುವ ಅಕ್ಕರೆ ಮತ್ತು ಅವಳನ್ನು ಹಿಡಿತದಲ್ಲಿಡುವ ಹಟ ಒಂದೇ ಮನಸ್ಸಿನಲ್ಲಿ ನೆಮ್ಮದಿಯಾಗಿ ಬಾಳುತ್ತವೆ. ‘ನನ್ನ ತಂಗಿ ಮನೆಯ ಲಕ್ಷ್ಮಿ’ ಎನ್ನುವ ಅಣ್ಣನೇ ಅವಳ ಮದುವೆಯನ್ನು ಅವಳನ್ನು ಕೇಳದೆ ಗೊತ್ತುಮಾಡುವುದನ್ನು ನಾವು ಕಂಡಿಲ್ಲವೆ?

ಕೀಲಿ ಒತ್ತುವ ಆ ಪರೀಕ್ಷೆಗೆ ಒಬ್ಬನೇ ವ್ಯಕ್ತಿ ಬೇರೆ ದಿನ ಕುಳಿತರೆ ಅಂಕ ಬದಲಾಗಬಹುದು. ಆದ್ದರಿಂದ ಈ ಪರೀಕ್ಷೆಯನ್ನು ಯಾರೊಬ್ಬರ ಗುಣಕ್ಕೂ ತೀರ್ಪಾಗಿ ಬಳಸಬಾರದು. ದೊಡ್ಡ ಗುಂಪುಗಳ ಚಲನೆಯನ್ನು ಮಾತ್ರ ಅದು ಚೆನ್ನಾಗಿ ಹಿಡಿಯುತ್ತದೆ. ಮನೋವಿಜ್ಞಾನಿಗಳಾದ ಟೆಸ್ಸಾ ಚಾರ್ಲ್ಸ್‌ವರ್ತ್ ಮತ್ತು ಸಿಕಂದರಾಬಾದಿನಲ್ಲಿ ಹುಟ್ಟಿದ ಮಹಜರೀನ್ ಬನಾಜಿ ಅಮೆರಿಕದ ಲಕ್ಷಾಂತರ ಪರೀಕ್ಷೆಗಳನ್ನು ಜಾಲಾಡಿದಾಗ, 2007ರಿಂದ 2016ರೊಳಗೆ ಸಲಿಂಗಪ್ರೇಮಿಗಳ ಬಗೆಗಿನ ಸುಪ್ತ ಪೂರ್ವಗ್ರಹ ಸುಮಾರು ಶೇ 33ರಷ್ಟು ಇಳಿದಿತ್ತು.

ಒಳಮನಸ್ಸಿನ ಬರಹ ಶಿಲಾಶಾಸನವಲ್ಲ. ತಂಗಿಯನ್ನು ಲಕ್ಷ್ಮಿ ಎನ್ನುವ ಮೊದಲು ‘ನಿನಗೇನು ಬೇಕು?’ ಎಂದು ಕೇಳುವುದನ್ನು ನಾವೂ ಕಲಿಯಬಲ್ಲೆವು.