ಹೊಸ ಅಲಾಯ್ ಹಾಕಿಸುವ ಮುನ್ನ ಹವಾ ಸೆನ್ಸರ್ ಕಡೆ ನೋಡಿ

ಹುಕ್ಕೇರಿ, ಗೋಕಾಕ, ಮೂಡಲಗಿ ಕಡೆಯವರು ಕಾರಿಗೆ ಚೆಂದದ ಅಲಾಯ್ ಹಾಕಿಸಬೇಕೆಂದರೆ ಬೆಳಗಾವಿ, ಇಲ್ಲವೇ ಕೊಲ್ಹಾಪುರ. ನಿಡಸೋಸಿಯಿಂದ ಎರಡೂ ಊರಿಗೆ ರಾಷ್ಟ್ರೀಯ ಹೆದ್ದಾರಿ 48ರ ನೇರ ದಾರಿ. ಮುಂಜಾನೆ ಹೋಗಿ, ಕಬ್ಬಿಣದ ಡಿಸ್ಕ್ ಬಿಚ್ಚಿಸಿ, ಹೊಳೆಯುವ ಗಾಲಿ ಹಾಕಿಸಿಕೊಂಡು ಸಂಜೆಗೆ ಮನೆಗೆ ಬರಬಹುದು. ಬೆಳಗಾವಿಯಿಂದ ಬರುವಾಗ ಹತ್ತರಗಿ ಟೋಲ್ ತಲುಪುವಷ್ಟರಲ್ಲಿ ಮೀಟರಿನ ಮೇಲೆ ಒಂದು ಹಳದಿ ದೀಪ ಮಿಣುಕತೊಡಗುವುದುಂಟು. ಕುದುರೆ ಲಾಳದಂಥ ಚಿತ್ರ, ನಡುವೆ ಆಶ್ಚರ್ಯಸೂಚಕ ಚಿಹ್ನೆ. ಅಂಗಡಿಗೆ ಫೋನ್ ಹಚ್ಚಿದರೆ ಸಿದ್ಧ ಉತ್ತರ: ‘ಅದು ಸೆನ್ಸರ್ ದೀಪರೀ, ಬಿಡ್ರೀ, ಏನೂ ಆಗೂದಿಲ್ಲ.’

ಆಗುತ್ತದೆ. ಏನಾಗುತ್ತದೆ ಎಂದು ತಿಳಿಯಲು ಆ ದೀಪದ ಹಿಂದಿನ ಏರ್ಪಾಟನ್ನು ನೋಡಬೇಕು. ಅದಕ್ಕೆ ಟೈರ್ ಪ್ರೆಷರ್ ಮಾನಿಟರಿಂಗ್ ಸಿಸ್ಟಮ್, ಚಿಕ್ಕದಾಗಿ ಟಿಪಿಎಂಎಸ್ ಎನ್ನುತ್ತಾರೆ. 1986ರಲ್ಲಿ ಪೋರ್ಷೆ 959 ಎಂಬ ದುಬಾರಿ ಕಾರಿನಲ್ಲಿ ಮೊದಲು ಕಾಣಿಸಿಕೊಂಡ ಈ ಉಪಕರಣ ಸಾಮಾನ್ಯರ ಕಾರಿಗೆ ಇಳಿದದ್ದು ಒಂದು ದುರಂತದ ನಂತರ. 2000ದ ಸುಮಾರಿಗೆ ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳ ಫೈರ್‌ಸ್ಟೋನ್ ಟೈರುಗಳು ಓಟದಲ್ಲೇ ಪದರು ಬಿಟ್ಟು, ಗಾಡಿಗಳು ಪಲ್ಟಿಯಾಗಿ ಬಹಳ ಜನ ಸತ್ತರು. ಹವಾ ಕಡಿಮೆಯಿದ್ದದ್ದೂ ಕಾರಣಗಳಲ್ಲಿ ಒಂದೆಂದು ಚರ್ಚೆಯಾಯಿತು. 2000ದಲ್ಲೇ ಅಲ್ಲಿ ಕಾನೂನು ಬಂತು. 2007ರ ಸೆಪ್ಟೆಂಬರ್‌ನಿಂದ ಎಲ್ಲ ಹೊಸ ಕಾರುಗಳಿಗೂ ಟಿಪಿಎಂಎಸ್ ಕಡ್ಡಾಯವಾಯಿತು. ಯುರೋಪಿನಲ್ಲಿ 2014ರ ನವೆಂಬರ್‌ನಿಂದ ಎಲ್ಲ ಹೊಸ ಕಾರುಗಳಿಗೆ ಅನ್ವಯವಾಯಿತು.

ನಮ್ಮಲ್ಲಿ 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ತಂದಿತು. ಟ್ಯೂಬ್‌ಲೆಸ್ ಟೈರು, ಪಂಕ್ಚರ್ ಕಿಟ್ ಮತ್ತು ಟಿಪಿಎಂಎಸ್ ಮೂರೂ ಇದ್ದರೆ 3.5 ಟನ್‌ವರೆಗಿನ ಕಾರಿಗೆ ಸ್ಟೆಪ್ನಿ ಕೊಡದಿದ್ದರೂ ನಡೆಯುತ್ತದೆ ಎಂಬುದು ಅದರ ಸಾರ. ಅಂದರೆ ಸ್ಟೆಪ್ನಿ ಇಲ್ಲದ ಕಾರಿನಲ್ಲಿ ಸೆನ್ಸರ್ ಕೆಡಿಸಿಕೊಂಡವನ ಹತ್ತಿರ ಅದೂ ಇಲ್ಲ, ಇದೂ ಇಲ್ಲ.

ಹವಾ ಅಳೆಯುವ ವಿಧಾನ ಎರಡು. ಮೊದಲನೆಯದು ಪರೋಕ್ಷ. ಇದರಲ್ಲಿ ಟೈರಿನೊಳಗೆ ಏನೂ ಇರುವುದಿಲ್ಲ. ಎಬಿಎಸ್ ಬ್ರೇಕಿಗೆಂದು ಪ್ರತಿ ಗಾಲಿಯ ಬಳಿ ಇರುವ ವೇಗದ ಸೆನ್ಸರ್ ಗಾಲಿಯ ಸುತ್ತು ಎಣಿಸುತ್ತದೆ. ಹವಾ ಇಳಿದ ಟೈರು ತುಸು ಕುಗ್ಗುತ್ತದೆ. ಕುಗ್ಗಿದ ಗಾಲಿ ಅದೇ ದೂರಕ್ಕೆ ಹೆಚ್ಚು ಸುತ್ತಬೇಕಾಗುತ್ತದೆ. ಕಾರಿನ ಕಂಪ್ಯೂಟರ್ ಈ ಅಂತರ ಹಿಡಿಯುತ್ತದೆ. ಟಾಟಾ ನೆಕ್ಸಾನ್‌ನ ಐ-ಟಿಪಿಎಂಎಸ್ ಈ ಜಾತಿಯದು. ಸುತ್ತುಗಳ ಆ ಅಂತರ ಶೇಕಡಾ ಒಂದರಷ್ಟೂ ಇರುವುದಿಲ್ಲ.

ಗಾಲಿ ಬದಲಿಸಿದಾಗ ತೊಡಕು ಇಲ್ಲೇ ಶುರು. 195/65 ಆರ್15 ಅಳತೆಯ ಟೈರಿನ ಹೊರವ್ಯಾಸ 634.5 ಮಿಲಿಮೀಟರ್. ಅದರ ಬದಲು ಒಂದಿಂಚು ದೊಡ್ಡ ಅಲಾಯ್ ಮೇಲೆ 205/55 ಆರ್16 ಹಾಕಿದರೆ 631.9 ಮಿಲಿಮೀಟರ್. ವ್ಯತ್ಯಾಸ ಶೇಕಡಾ 0.4. ಕಣ್ಣಿಗೆ ಕಾಣದಷ್ಟು, ಆದರೆ ಹವಾ ಕಡಿಮೆಯಾದಾಗ ಕಾರು ಹುಡುಕುವ ಅಂತರವೂ ಹೆಚ್ಚುಕಡಿಮೆ ಇಷ್ಟೇ. ನಾಲ್ಕೂ ಗಾಲಿ ಒಟ್ಟಿಗೆ ಬದಲಾದರೆ ಹೋಲಿಕೆ ಸಮವಾಗಿ ಉಳಿಯುತ್ತದೆ, ಎರಡನ್ನೇ ಬದಲಿಸಿದರೆ ದೀಪ ಸುಳ್ಳು ಹೇಳುತ್ತದೆ. ಇನ್ನು ಟೈರಿನ ಗೋಡೆ ಗಿಡ್ಡವಾದಷ್ಟೂ ಬಿಗಿಯಾಗಿ, ಹವಾ ಹೋದಾಗ ಕುಗ್ಗುವ ರೀತಿಯೇ ಬೇರೆಯಾಗುತ್ತದೆ. ಹಳೆಯ ಟೈರಿನ ನಡೆ ನೋಡಿ ಕಲಿತ ಕಂಪ್ಯೂಟರಿಗೆ ಹೊಸ ಪಾಠ ಬೇಕು. ಪರಿಹಾರ ಸುಲಭ. ನಾಲ್ಕೂ ಟೈರಿಗೆ ತಣ್ಣಗಿರುವಾಗ ಸರಿಯಾದ ಹವಾ ತುಂಬಿಸಿ, ಸೆಟ್ ಬಟನ್ ಒತ್ತಿ ಅಥವಾ ಸ್ಕ್ರೀನಿನಲ್ಲಿ ರೀಸೆಟ್ ಕೊಟ್ಟು, ಒಂದಷ್ಟು ದೂರ ಓಡಿಸಬೇಕು. ಹವಾ ಸರಿ ಮಾಡದೆ ರೀಸೆಟ್ ಒತ್ತಿದರೆ ಕಾರು ತಪ್ಪು ಹವಾವನ್ನೇ ಸರಿಯೆಂದು ನಂಬುತ್ತದೆ.

ಎರಡನೆಯದು ನೇರ ವಿಧಾನ. ಸ್ಕ್ರೀನಿನಲ್ಲಿ ಪ್ರತಿ ಗಾಲಿಯ ಪಿಎಸ್‌ಐ ಬೇರೆಬೇರೆಯಾಗಿ ಕಾಣಿಸುತ್ತಿದ್ದರೆ ನಿಮ್ಮದು ಬಹುಮಟ್ಟಿಗೆ ಇದೇ. ಹೊರಗಿನಿಂದ ನೋಡಿದರೆ ಬರೀ ಹವಾ ತುಂಬುವ ವಾಲ್ವ್. ಟೈರು ಬಿಚ್ಚಿದಾಗ ಮಾತ್ರ ವಾಲ್ವಿನ ಬುಡಕ್ಕೆ ಅಂಟಿಕೊಂಡಂತಿರುವ, ಬೆಂಕಿಪೊಟ್ಟಣದ ಗಾತ್ರದ ಕಪ್ಪು ಪ್ಲಾಸ್ಟಿಕ್ ಡಬ್ಬಿ ಕಾಣುತ್ತದೆ. ತೂಕ ಸುಮಾರು 30 ಗ್ರಾಂ. ಮೈಮೇಲೊಂದು ಸಣ್ಣ ತೂತು. ಒಳಗೆ ಕೂದಲಿಗಿಂತ ತೆಳುವಾದ ಸಿಲಿಕಾನ್ ಪೊರೆ. ಹವಾ ಒತ್ತಿದಾಗ ಪೊರೆ ಬಾಗುತ್ತದೆ, ಬಾಗಿದಷ್ಟು ಅದರ ವಿದ್ಯುತ್ ರೋಧ ಬದಲಾಗುತ್ತದೆ. ಆ ಬದಲಾವಣೆಯೇ ಅಳತೆ. ಜೊತೆಗೆ ಉಷ್ಣತೆ ಅಳೆಯುವ ಚಿಪ್, ಗಾಲಿ ತಿರುಗುತ್ತಿದೆಯೇ ಎಂದು ತಿಳಿಯುವ ಚಿಪ್, ಒಂದು ಲಿಥಿಯಂ ಬಟನ್ ಸೆಲ್, ಒಂದು ರೇಡಿಯೊ ಪ್ರೇಷಕ. ಕಾರು ನಿಂತಾಗ ನಿದ್ದೆ, ಓಡುವಾಗ ನಿಮಿಷಕ್ಕೊಂದೆರಡು ಸಲ ವರದಿ, ಹವಾ ದಿಢೀರನೆ ಇಳಿದರೆ ತಕ್ಷಣ ಕೂಗು. ಹೀಗೆ ಜಿಪುಣತನದಿಂದ ಬಾಳುವುದಕ್ಕೇ ಸೆಲ್ ಐದರಿಂದ ಹತ್ತು ವರ್ಷ ಬರುತ್ತದೆ. ಸೆಲ್ ಮುಗಿದರೆ ಸಾಮಾನ್ಯವಾಗಿ ಸೆನ್ಸರನ್ನೇ ಬದಲಿಸಬೇಕು. ಒಳಗೆಲ್ಲ ಅಂಟು ತುಂಬಿ ಮುಚ್ಚಿರುತ್ತಾರೆ.

ಈ ಡಬ್ಬಿ ಅನುಭವಿಸುವ ಸೆಳೆತವೂ ಕಡಿಮೆಯದಲ್ಲ. ಗಂಟೆಗೆ 80 ಕಿ.ಮೀ. ವೇಗದಲ್ಲಿ 16 ಇಂಚಿನ ಗಾಲಿ ಸೆಕೆಂಡಿಗೆ ಹನ್ನೊಂದು ಸುತ್ತು ತಿರುಗುತ್ತದೆ. ಆಗ 30 ಗ್ರಾಂ ಸೆನ್ಸರ್ ಹೊರಮುಖವಾಗಿ ಸುಮಾರು ಮೂರು ಕಿಲೋ ತೂಕದಷ್ಟು ಜಗ್ಗುತ್ತದೆ. ಆದ್ದರಿಂದಲೇ ಅದು ಗಾಲಿಗೆ ತಕ್ಕಂತೆ ಕೂರಬೇಕು. ಹೊಸ ಅಲಾಯ್‌ನಲ್ಲಿ ವಾಲ್ವ್ ತೂತಿನ ಅಳತೆ, ಅದರ ಓರೆ, ಒಳತಗ್ಗಿನ ಆಕಾರ ಬೇರೆ ಇದ್ದರೆ ಡಬ್ಬಿ ಗಾಲಿಗೆ ತಾಗುತ್ತದೆ, ಇಲ್ಲವೇ ಆಸರೆಯಿಲ್ಲದೆ ನೇತಾಡಿ ವಾಲ್ವನ್ನೇ ಮುರಿಯುತ್ತದೆ. ಗಾಲಿಯ ಬೋಲ್ಟ್ ಅಂತರವನ್ನೂ ನಡುತೂತನ್ನೂ ಅಳೆದು ಕೊಡುವ ಅಂಗಡಿಯವರು ಇದನ್ನು ಮರೆಯುವುದೇ ಹೆಚ್ಚು.

ಹಾಗಾದರೆ ದಾರಿ ಯಾವುದು? ಸೆನ್ಸರ್ ಹೊಸದಿದ್ದರೆ ಹಳೆಯ ಗಾಲಿಯದನ್ನೇ ಬಿಚ್ಚಿ ಹೊಸದಕ್ಕೆ ಕೂರಿಸಬಹುದು. ಆಗ ರಬ್ಬರ್ ವಾಷರ್, ನಟ್, ವಾಲ್ವ್ ಪಿನ್ ಹೊಸದಾಗಿ ಹಾಕಬೇಕು. ಅಲ್ಯೂಮಿನಿಯಂ ವಾಲ್ವಿಗೆ ನಿಕ್ಕಲ್ ಲೇಪಿಸಿದ ಪಿನ್ನೇ ಆಗಬೇಕು. ಬರೀ ಹಿತ್ತಾಳೆಯ ಪಿನ್ ಹಾಕಿದರೆ ಮಳೆನೀರು ಸೇರಿದಾಗ ಎರಡು ಲೋಹಗಳ ನಡುವೆ ತುಕ್ಕು ಹಿಡಿದು, ಮುಂದೆ ಪಿನ್ ಹೊರಬರುವುದೇ ಇಲ್ಲ. ನಟ್ ಬಿಗಿಯುವುದಕ್ಕೆ ಟಾರ್ಕ್ ಪಾನಾ ಬೇಕು. ಕೈಬಲ ತೋರಿಸಿದರೆ ವಾಲ್ವ್ ಕತ್ತು ಸೀಳುತ್ತದೆ. ಟೈರು ಬಿಚ್ಚುವ ಮಷಿನ್ನಿನ ಒತ್ತುಗೈ ವಾಲ್ವಿನ ಹತ್ತಿರ ಬಿದ್ದರಂತೂ ಸೆನ್ಸರ್ ಒಡೆದಂತೆಯೇ. ಕೆಲಸ ಶುರುವಾಗುವ ಮೊದಲೇ ಹುಡುಗನಿಗೆ ‘ಒಳಗೆ ಸೆನ್ಸರ್ ಐತಿ’ ಎಂದು ಹೇಳಿಬಿಡಿ.

ಹಳೆಯ ಗಾಲಿಯನ್ನೂ ಉಳಿಸಿಕೊಳ್ಳುವವರು ಹೊಸ ಸೆನ್ಸರ್ ಕೊಳ್ಳಬೇಕು. ಪ್ರತಿ ಸೆನ್ಸರಿಗೂ ತನ್ನದೇ ಗುರುತಿನ ಸಂಖ್ಯೆಯಿದೆ. ಪಕ್ಕದ ಕಾರಿನ ಹವಾ ನಿಮ್ಮ ಸ್ಕ್ರೀನಿನಲ್ಲಿ ಕಾಣದಿರುವುದು ಆ ಸಂಖ್ಯೆಯಿಂದಲೇ. ಹೊಸ ಸಂಖ್ಯೆಯನ್ನು ಕಾರಿಗೆ ಕಲಿಸಬೇಕು. ಕೆಲವು ಕಾರು ಓಡುತ್ತ ಓಡುತ್ತ ತಾನೇ ಕಲಿಯುತ್ತದೆ, ಕೆಲವಕ್ಕೆ ಸ್ಟೇರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ ಉಪಕರಣ ಹಚ್ಚಬೇಕು. ಹಳೆಯ ಸಂಖ್ಯೆಯನ್ನೇ ನಕಲು ಮಾಡಿಕೊಳ್ಳುವ ಪ್ರೋಗ್ರಾಮೆಬಲ್ ಸೆನ್ಸರುಗಳೂ ಇವೆ. ವಿದೇಶದಿಂದ ತರಿಸುವವರು ರೇಡಿಯೊ ಫ್ರೀಕ್ವೆನ್ಸಿ ನೋಡಿಕೊಳ್ಳಬೇಕು: ಅಮೆರಿಕದ ಸೆನ್ಸರುಗಳಲ್ಲಿ ಹಲವು 315 ಮೆಗಾಹರ್ಟ್ಸ್, ಯುರೋಪಿನಲ್ಲಿ ಮತ್ತು ನಮ್ಮ ಕಾರುಗಳಲ್ಲಿ ಬಳಕೆ 433.92. ಒಂದರ ಮಾತು ಇನ್ನೊಂದಕ್ಕೆ ಕೇಳಿಸುವುದಿಲ್ಲ.

ಇಷ್ಟೆಲ್ಲ ಗೊಡವೆ ಬೇಡವೆಂದು ಕೆಲವರು ಹಳೆಯ ನಾಲ್ಕು ಸೆನ್ಸರನ್ನು ಒಂದು ಪಿವಿಸಿ ಪೈಪಿನಲ್ಲಿ ಹಾಕಿ, ಎರಡೂ ಬದಿ ಮುಚ್ಚಿ, 33 ಪಿಎಸ್‌ಐ ಹವಾ ತುಂಬಿ ಡಿಕ್ಕಿಯಲ್ಲಿ ಇಡುತ್ತಾರೆ. ದೀಪ ಆರುತ್ತದೆ. ಟೈರು ಪೂರಾ ಚಪ್ಪಟೆಯಾದರೂ ಸ್ಕ್ರೀನಿನಲ್ಲಿ 33 ಇರುತ್ತದೆ. ಕೆಟ್ಟ ಸೆನ್ಸರಿಗಿಂತ ಸುಳ್ಳು ಸೆನ್ಸರ್ ಅಪಾಯಕಾರಿ, ಏಕೆಂದರೆ ಅದನ್ನು ನಂಬಿ ಚಾಲಕ ಟೈರು ನೋಡುವುದನ್ನೇ ಬಿಡುತ್ತಾನೆ.

ದೀಪ ಹತ್ತಿದ್ದೆಲ್ಲ ಸೆನ್ಸರ್ ದೋಷವೂ ಅಲ್ಲ. ಬಹುಪಾಲು ಕಾರುಗಳಲ್ಲಿ ದೀಪ ಒಂದು ನಿಮಿಷಕ್ಕೂ ಹೆಚ್ಚು ಮಿಣುಕಿ ಆಮೇಲೆ ಸ್ಥಿರವಾದರೆ ಸೆನ್ಸರ್ ವ್ಯವಸ್ಥೆಯ ತೊಂದರೆ. ಮಿಣುಕದೆ ನೇರ ಹತ್ತಿದರೆ ಹವಾ ಕಡಿಮೆ. ಅಮೆರಿಕದ ನಿಯಮದಂತೆ ನಿಗದಿಗಿಂತ ಶೇಕಡಾ 25ರಷ್ಟು ಇಳಿದಾಗ ದೀಪ ಹತ್ತಲೇಬೇಕು. 33 ಬೇಕಾದಲ್ಲಿ ಸುಮಾರು 25 ಆದಾಗ. ಆದ್ದರಿಂದ ದೀಪ ಹತ್ತಿಲ್ಲ ಎಂದರೆ ಹವಾ ಸರಿಯಿದೆ ಎಂದರ್ಥವಲ್ಲ.

ನಮ್ಮ ಭಾಗದಲ್ಲಿ ಋತು ಮತ್ತು ರಸ್ತೆ ಎರಡೂ ಈ ಅಂಕಿಯೊಡನೆ ಆಡುತ್ತವೆ. ಉಷ್ಣತೆ 10 ಡಿಗ್ರಿ ಇಳಿದರೆ ಟೈರಿನ ಹವಾ ಸುಮಾರು ಒಂದೂವರೆ ಪಿಎಸ್‌ಐ ಇಳಿಯುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಓಡಿಸಿಕೊಂಡು ಹೋಗಿ, ಬಿಸಿ ಟೈರಿಗೆ ಲೆಕ್ಕ ಹಿಡಿದು ತುಂಬಿಸಿದ ಹವಾ ಡಿಸೆಂಬರಿನ ಮುಂಜಾನೆಗೆ ಸಾಲುವುದಿಲ್ಲ. ನೈಟ್ರೋಜನ್ ತುಂಬಿಸಿದರೂ ಲೆಕ್ಕ ಇದೇ. ಸಾದಾ ಹವಾದಲ್ಲೇ ಶೇಕಡಾ 78 ನೈಟ್ರೋಜನ್ ಇದೆ. ಸಂಕೇಶ್ವರದಿಂದ ಆಜರಾ, ಆಂಬೋಲಿ ಘಾಟಿನ ಮೇಲೆ ಗೋವಾಕ್ಕೆ ಇಳಿಯುವವರು ಇನ್ನೊಂದು ಸಂಗತಿ ಗಮನಿಸಬಹುದು. ಘಾಟಿನ ಮೇಲಿನ ನಾಡು ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಎತ್ತರ. ಕೆಳಗೆ ಹೊರಗಿನ ವಾಯುಭಾರ ಹೆಚ್ಚುವುದರಿಂದ, ಉಷ್ಣತೆ ಒಂದೇ ಇದ್ದರೆ, ಅದೇ ಟೈರು ಕೈಗೇಜಿನಲ್ಲಿ ಸುಮಾರು ಒಂದು ಪಿಎಸ್‌ಐ ಕಡಿಮೆ ತೋರಿಸುತ್ತದೆ. ಪಂಕ್ಚರ್ ಆಗಿದೆಯೆಂದು ಗಾಬರಿಯಾಗಬೇಕಿಲ್ಲ.

ಹಣ ಎಣಿಸುವ ಮೊದಲು ಅಂಗಡಿಯಲ್ಲಿ ಮೂರು ಪ್ರಶ್ನೆ ಕೇಳಿ. ನನ್ನ ಕಾರಿನದು ನೇರವೋ ಪರೋಕ್ಷವೋ? ಈ ಅಲಾಯ್‌ಗೆ ನನ್ನ ಸೆನ್ಸರ್ ಕೂರುತ್ತದೆಯೇ? ಕಾರಿಗೆ ಕಲಿಸುವ ಉಪಕರಣ ನಿಮ್ಮಲ್ಲಿದೆಯೇ? ಮೂರಕ್ಕೂ ಸರಿಯಾದ ಉತ್ತರ ಸಿಗದಿದ್ದರೆ ಬೇರೆ ಅಂಗಡಿ ನೋಡಿ. ಸೆನ್ಸರ್ ಎಷ್ಟೇ ಒಳ್ಳೆಯದಿರಲಿ, ತಿಂಗಳಿಗೊಮ್ಮೆ ಮುಂಜಾನೆ, ಗಾಡಿ ತೆಗೆಯುವ ಮೊದಲು, ಕೈಗೇಜಿನಿಂದ ನಾಲ್ಕೂ ಗಾಲಿಯ ಹವಾ ನೋಡಿ. ಸ್ಟೆಪ್ನಿ ಇದ್ದರೆ ಐದನೆಯದನ್ನೂ ಮರೆಯಬೇಡಿ.