ಹಿಡಿಯೋದು ಬೇರೆ, ಹೊರೋದು ಬೇರೆ

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸು ಅಂದರೆ 15 ಕೆಜಿ. ಹರಾಜು ಕೂಗುವುದು ಆ ಲೆಕ್ಕದಲ್ಲಿ, ಪೇಪರಿನಲ್ಲಿ ರೇಟು ಬರುವುದೂ ಆ ಲೆಕ್ಕದಲ್ಲೇ. ಗಾಡಿಗೆ ಮಾತ್ರ ಆ ಲೆಕ್ಕ ಸಾಲದು. ಹಣ್ಣಿನ ಜತೆ ಪ್ಲಾಸ್ಟಿಕ್ ಕ್ರೇಟನ್ನೂ ಅದೇ ಹೊರಬೇಕು. ಕ್ರೇಟಿಗೆ ಸುಮಾರು ಎರಡು ಕೆಜಿ ಹಿಡಿದರೆ ನೂರು ಬಾಕ್ಸಿಗೆ 1,700 ಕೆಜಿ ಆಯಿತು. ಅಕ್ಕನ ಮಗ ಬಂದು, "ಮಾಮ, ಒಂದೂವರೆ ಟನ್ನಿನ ಗಾಡಿ ತಗೊಂಡ್ರೆ ನೂರು ಬಾಕ್ಸು ಆರಾಮಾಗಿ ಹಾಕಬಹುದಲ್ವಾ?" ಅಂತ ಕೇಳಿದ. "ಹಿಡಿಯುತ್ತೆ ಕಣೋ. ಹೊರೋದು ಬೇರೆ ಮಾತು" ಅಂದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ನಾನು ಮೆಕ್ಯಾನಿಕ್ ಅಲ್ಲ, ಡೀಲರೂ ಅಲ್ಲ. ತೋಟದಿಂದ ಮಂಡಿಗೆ, ಮಂಡಿಯಿಂದ ಬೆಂಗಳೂರಿಗೆ, ಒಮ್ಮೊಮ್ಮೆ ಚೆನ್ನೈಗೆ ಲೋಡು ಹೊಡೆಯುವ ಪಿಕಪ್ ಮಾಲೀಕ, ಡ್ರೈವರೂ ನಾನೇ.

ಗಾಡಿ ಎಷ್ಟು ಹೊರುತ್ತದೆ ಅನ್ನುವುದು ಷೋರೂಮಿನ ಬೋರ್ಡಿನಲ್ಲಿರುವುದಿಲ್ಲ, ಆರ್‌ಸಿಯಲ್ಲಿರುತ್ತದೆ. ಅಲ್ಲಿ ಎರಡು ಅಂಕಿ ನೋಡಿ: ಖಾಲಿ ಗಾಡಿಯ ತೂಕ, ಲೋಡು ಸೇರಿದ ಒಟ್ಟು ತೂಕ. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದೇ ನಿಮ್ಮ ಜಾಗ. ಅದೂ ಪೂರ್ತಿ ನಿಮ್ಮದಲ್ಲ. ಕ್ಯಾಬಿನ್ನಿನಲ್ಲಿ ಕೂರುವ ಡ್ರೈವರು, ಕ್ಲೀನರು, ರೇಟು ನೋಡಲು ಜತೆಗೆ ಬರುವ ರೈತ ಎಲ್ಲರೂ ಒಟ್ಟು ತೂಕದೊಳಗೇ ಬರುತ್ತಾರೆ. ಮೂವರು ದೊಡ್ಡಾಳು ಅಂದರೆ ಹನ್ನೆರಡು ಬಾಕ್ಸು ಹೋಯಿತು.

ತೂಕ ಕದಿಯುವ ಇನ್ನೊಬ್ಬ ಕಳ್ಳ ಅಂದರೆ ಗಾಡಿಯ ಬಾಡಿ. ಕಂಪನಿಯ ಡೆಕ್ಕು ಸಾಲದು ಅಂತ ಶೆಡ್ಡಿಗೆ ಬಿಟ್ಟು ದಪ್ಪ ಆಂಗಲ್ಲು, ಎತ್ತರದ ಗ್ರಿಲ್ಲು, ಟಾರ್ಪಾಲಿಗೆ ಪೈಪು, ಕ್ಯಾಬಿನ್ ಮೇಲೊಂದು ಕ್ಯಾರಿಯರ್ ಹಾಕಿಸುತ್ತಾರೆ. ನೋಡಲು ಚೆನ್ನಾಗಿರುತ್ತದೆ, ಹಿಂದೆ ಕಣ್ಣಿನ ಚಿತ್ರ ಬರೆಸಲು ಜಾಗವೂ ಸಿಗುತ್ತದೆ. ಆದರೆ ಆ ಕಬ್ಬಿಣದ ಪ್ರತಿ ಕೆಜಿಯೂ ಬಾಡಿಗೆ ತರುವ ತೂಕದಲ್ಲಿ ಮುರಿದುಕೊಂಡದ್ದು. ಬಾಡಿ ಕೆಲಸ ಮುಗಿದ ದಿನವೇ ಡೀಸೆಲ್ ತುಂಬಿಸಿ ಖಾಲಿ ಗಾಡಿಯನ್ನು ವೇ ಬ್ರಿಡ್ಜಿಗೆ ಹತ್ತಿಸಿ ಚೀಟಿ ತಗೊಳ್ಳಿ. ಕ್ಯಾಟಲಾಗಿನ ಅಂಕಿ ಮರೆತು ಆ ಚೀಟಿಯ ಅಂಕಿ ಹಿಡಿದು ಲೆಕ್ಕ ಹಾಕಿ.

ಮಾರುಕಟ್ಟೆಯಲ್ಲಿ ಏನಿದೆ ಅಂತ ಬೇಗ ಹೇಳಿಬಿಡುತ್ತೇನೆ. 2005ರಲ್ಲಿ ಟಾಟಾ ಏಸ್ ಬಂತು, ಮುಕ್ಕಾಲು ಟನ್ನಿನದು. ಮೂರು ಚಕ್ರದ ಗಾಡಿಯವರೆಲ್ಲ ಅದಕ್ಕೆ ಹಾರಿದರು. 2011ರಲ್ಲಿ ಅಶೋಕ್ ಲೇಲ್ಯಾಂಡಿನ ದೋಸ್ತ್ ಬಂತು, ಒಂದೂಕಾಲು ಟನ್ನು. ಮಹೀಂದ್ರದ ಬೊಲೆರೊ ಪಿಕಪ್ಪಿನಲ್ಲಿ 1.3ರಿಂದ 1.7 ಟನ್ನಿನವರೆಗೆ ಬಗೆಗಳಿದ್ದವು. ಟಾಟಾ ಇಂಟ್ರಾ ವಿ50 ಒಂದೂವರೆ ಟನ್ನಿನದು. 2022ರಲ್ಲಿ ಟಾಟಾ ಯೋಧ 2.0 ಬಂದಾಗ ಪಿಕಪ್ಪು ಎರಡು ಟನ್ನು ಮುಟ್ಟಿತು, ಬೊಲೆರೊ ಮ್ಯಾಕ್ಸಿನ ಎಚ್‌ಡಿ 2.0 ಕೂಡ ಅದೇ ಅಂಕಿಗೆ ಬಂತು. ನಮ್ಮ ರಾಜ್ಯದ ಬಿಡದಿಯಲ್ಲೇ ಟೊಯೊಟಾ ಹೈಲಕ್ಸ್ ತಯಾರಾಗುತ್ತದೆ, ಅದೂ ಪಿಕಪ್ಪೇ. ಆದರೆ ಅದು ಟೂರು ಹೋಗುವ ಕಾಸಿರುವವರ ಗಾಡಿ, ಟೊಮೆಟೊಗಲ್ಲ.

ಹಾಗಾದರೆ ಎರಡು ಟನ್ನಿನದೇ ತಗೊಂಡರಾಯಿತಲ್ಲ ಅನ್ನಿಸುತ್ತದೆ. ಇಲ್ಲಿ ಕಾನೂನಿನ ಒಂದು ಗೆರೆ ಇದೆ. ಮೋಟಾರು ವಾಹನ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ ಒಟ್ಟು ತೂಕ 3,000 ಕೆಜಿ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ. ಅದಕ್ಕೇ ಕಂಪನಿಗಳು ಹಲವು ಗಾಡಿಗಳ ಒಟ್ಟು ತೂಕವನ್ನು ಆ ಗೆರೆಯ ಕೆಳಗೇ ನಿಲ್ಲಿಸಿವೆ. ಎರಡು ಟನ್ನಿನ ಗಾಡಿ ಗೆರೆ ದಾಟುತ್ತದೆ, ಪರ್ಮಿಟ್ಟಿನ ಓಡಾಟ ಶುರುವಾಗುತ್ತದೆ. ಟ್ಯಾಕ್ಸು, ಇನ್ಶೂರೆನ್ಸು, ಫಿಟ್‌ನೆಸ್ ಸರ್ಟಿಫಿಕೇಟು ಅಂದರೆ ಎಫ್‌ಸಿ ಮಾತ್ರ ಎರಡಕ್ಕೂ ತಪ್ಪದು. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಆಮೇಲೆ ಪ್ರತಿ ವರ್ಷ. ಲೈಸೆನ್ಸಿನ ಗೊಂದಲ ಈಗಿಲ್ಲ. ಒಟ್ಟು ತೂಕ 7,500 ಕೆಜಿ ಮೀರದ ಸರಕು ಗಾಡಿಗೆ ಸಾಮಾನ್ಯ ಎಲ್‌ಎಂವಿ ಲೈಸೆನ್ಸ್ ಸಾಕು ಅಂತ ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದ್ದನ್ನು 2024ರ ನವೆಂಬರಿನಲ್ಲಿ ಸಂವಿಧಾನ ಪೀಠವೂ ಎತ್ತಿಹಿಡಿದಿದೆ.

ಓವರ್‌ಲೋಡಿನ ದಂಡವನ್ನು ಹೊಸಬರು ಕಡೆಗಣಿಸುತ್ತಾರೆ. 2019ರ ತಿದ್ದುಪಡಿಯಲ್ಲಿ ಅದು 20,000 ರೂಪಾಯಿ, ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ 2,000. ಹೆಚ್ಚಿನ ಲೋಡನ್ನು ಇಳಿಸಿದ ಮೇಲೇ ಗಾಡಿ ಬಿಡುತ್ತಾರೆ. ತೂಕಕ್ಕೆ ನಿಲ್ಲಿಸದೆ ಓಡಿದರೆ 40,000. ಬಾಕ್ಸಿಗೆ ಇಷ್ಟು ಅಂತ ಬಾಡಿಗೆ ದುಡಿಯುವವನು ಇಪ್ಪತ್ತು ಬಾಕ್ಸಿನ ಆಸೆಗೆ ಇದನ್ನು ಕಟ್ಟಿದರೆ ಆ ಸೀಸನ್ನಿನ ದುಡಿಮೆ ಆರ್‌ಟಿಓ ಪಾಲು.

ದಂಡಕ್ಕಿಂತ ನನಗೆ ಭಯ ಇರುವುದು ಕಮಾನು ಪ್ಲೇಟಿನ ವಿಷಯದಲ್ಲಿ. ಗಾಡಿ ತಗೊಂಡ ವಾರಕ್ಕೇ ಹಿಂದಿನ ಸ್ಪ್ರಿಂಗಿಗೆ ಎರಡು ಪ್ಲೇಟು ಜಾಸ್ತಿ ಹಾಕಿಸುವುದು ನಮ್ಮ ಕಡೆ ಶಾಸ್ತ್ರದ ಥರ ಆಗಿದೆ. ಪ್ಲೇಟು ಹಾಕಿದರೆ ಗಾಡಿ ಕುಗ್ಗುವುದಿಲ್ಲ ನಿಜ. ಆದರೆ ಆಕ್ಸಲ್ಲು, ಚಾಸಿಸ್ಸು, ಹಬ್ಬಿನ ಬೇರಿಂಗು, ಟೈರು, ಬ್ರೇಕು ಎಲ್ಲ ಹಳೆಯವೇ. ಇದರಲ್ಲಿ ಬ್ರೇಕಿನ ಕತೆ ಬಹಳ ಜನಕ್ಕೆ ಗೊತ್ತಿಲ್ಲ. ಹಲವು ಪಿಕಪ್ಪುಗಳಲ್ಲಿ ಹಿಂದಿನ ಆಕ್ಸಲ್ಲಿಗೂ ಚಾಸಿಸ್ಸಿಗೂ ನಡುವೆ ಒಂದು ಸಣ್ಣ ಸರಳು, ಅದಕ್ಕೊಂದು ವಾಲ್ವು ಇರುತ್ತದೆ. ಲೋಡು ಬಿದ್ದು ಗಾಡಿ ಕುಗ್ಗಿದಾಗ ಸರಳು ಸರಿದು, ಹಿಂದಿನ ಚಕ್ರಗಳಿಗೆ ಬ್ರೇಕಿನ ಒತ್ತಡ ಜಾಸ್ತಿ ಬಿಡುತ್ತದೆ. ಖಾಲಿ ಇದ್ದಾಗ ಕಡಿಮೆ ಬಿಡುತ್ತದೆ, ಇಲ್ಲದಿದ್ದರೆ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ತಿರುಗಿಬಿಡುತ್ತದೆ. ಪ್ಲೇಟು ಸೇರಿಸಿ ಸ್ಪ್ರಿಂಗ್ ಗಟ್ಟಿ ಮಾಡಿದರೆ ಲೋಡು ಬಿದ್ದರೂ ಗಾಡಿ ಕುಗ್ಗದು. ವಾಲ್ವಿಗೆ ಗಾಡಿ ಖಾಲಿ ಅಂತಲೇ ಲೆಕ್ಕ. ಎರಡು ಟನ್ನು ಹೊತ್ತು ಇಳಿಜಾರಿನಲ್ಲಿ ಬರುವ ಗಾಡಿಗೆ ಖಾಲಿ ಗಾಡಿಯ ಬ್ರೇಕು!

ಚೆನ್ನೈ ದಾರಿಯಲ್ಲಿ ಮುಳಬಾಗಿಲು, ನಂಗಲಿ ದಾಟಿದ ಮೇಲೆ, ಪಲಮನೇರಿನಿಂದ ಚಿತ್ತೂರಿನ ಕಡೆಗೆ ಮೊಗಿಲಿ ಘಾಟಿ ಇಳಿಯಬೇಕು. ಅಪಘಾತಗಳಿಗೆ ಹೆಸರಾದ ಜಾಗ. ಡೀಸೆಲ್ ಉಳಿಸಲು ನ್ಯೂಟ್ರಲ್ಲಿಗೆ ಹಾಕಿ ಜಾರುವವರನ್ನು ಅಲ್ಲಿ ಈಗಲೂ ನೋಡುತ್ತೇನೆ. ಎಂಜಿನ್ ಆಫ್ ಮಾಡುವ ಪುಣ್ಯಾತ್ಮರೂ ಇದ್ದಾರೆ. ಎಂಜಿನ್ ನಿಂತರೆ ಬ್ರೇಕಿನ ಬೂಸ್ಟರಿಗೆ ಗಾಳಿಯ ಎಳೆತ ಸಿಗುವುದಿಲ್ಲ, ನಾಲ್ಕು ಸಲ ಒತ್ತುವುದರೊಳಗೆ ಪೆಡಲ್ಲು ಕಲ್ಲಾಗುತ್ತದೆ. ಗಾಡಿ ಆರಿಸುವಾಗ ಹತ್ತುವ ಶಕ್ತಿಯನ್ನು ಎಲ್ಲರೂ ಕೇಳುತ್ತಾರೆ. ಮೂರನೇ ಗೇರಿನಲ್ಲಿ ಬ್ರೇಕು ಮುಟ್ಟದೆ ಹೇಗೆ ಇಳಿಯುತ್ತದೆ ಅಂತ ಕೇಳುವವರು ಕಡಿಮೆ. ಡೀಲರು ಡೆಮೊ ಕೊಟ್ಟರೆ ಖಾಲಿ ಗಾಡಿ ಓಡಿಸಿ ಪ್ರಯೋಜನವಿಲ್ಲ. ಇಪ್ಪತ್ತೈದು ಮೂಟೆ ಸಿಮೆಂಟೋ, ನಿಮ್ಮದೇ ಬಾಕ್ಸೋ ಹಾಕಿ ಒಂದು ದಿಣ್ಣೆ ಹತ್ತಿಸಿ ಇಳಿಸಿ.

ಎಂಜಿನ್ನಿನಲ್ಲಿ ಕುದುರೆಶಕ್ತಿ ನೋಡುವುದಕ್ಕಿಂತ ಟಾರ್ಕ್ ನೋಡಿ. ನಿಂತ ಲೋಡನ್ನು ಕದಲಿಸುವುದು ಅದೇ. ಯೋಧದಲ್ಲಿ 250 ನ್ಯೂಟನ್ ಮೀಟರ್, ಇಂಟ್ರಾ ವಿ50ಯಲ್ಲಿ 220. ಅದು ಎಷ್ಟು ಕಡಿಮೆ ಆರ್‌ಪಿಎಮ್ಮಿಗೆ ಸಿಗುತ್ತದೆ ಅನ್ನುವುದೂ ಮುಖ್ಯ. ಕೆಸರಿನ ತೋಟದಿಂದ ಲೋಡು ಸಮೇತ ಹೊರಡುವಾಗ ಕ್ಲಚ್ ಪ್ಲೇಟು ಉಳಿಯುವುದು ಅದರಿಂದಲೇ. ಸಿಎನ್‌ಜಿ ಗಾಡಿಯ ಸಿಲಿಂಡರಿಗೂ ತೂಕವಿದೆ ಅನ್ನುವುದು ನೆನಪಿರಲಿ.

2020ರ ಏಪ್ರಿಲ್ಲಿನಿಂದ ಬಿಎಸ್6 ಬಂದಮೇಲೆ ಡೀಸೆಲ್ ಗಾಡಿಗಳ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ, ಡಿಪಿಎಫ್ ಅಂತ. ಗಾಡಿ ಒಂದಷ್ಟು ಹೊತ್ತು ಒಂದೇ ವೇಗದಲ್ಲಿ ಓಡಿ ಸೈಲೆನ್ಸರ್ ಕಾದರೆ ಆ ಮಸಿ ತಾನಾಗಿ ಉರಿದುಹೋಗುತ್ತದೆ. ಊರಿನಿಂದ ಮಂಡಿಗೆ ಐದಾರು ಕಿಲೋಮೀಟರ್, ಮಂಡಿಯಲ್ಲಿ ಎಂಜಿನ್ ಆನ್ ಇಟ್ಟು ಕ್ಯೂ, ಮತ್ತೆ ಅದೇ ದಾರಿ ಅಂದರೆ ಫಿಲ್ಟರ್ ಕಟ್ಟಿಕೊಂಡು ದೀಪ ಹತ್ತುತ್ತದೆ, ಎಳೆತ ಕಡಿಮೆಯಾಗುತ್ತದೆ. ಸಣ್ಣ ಓಡಾಟದವರು ವಾರಕ್ಕೊಮ್ಮೆಯಾದರೂ ಹೈವೇಯಲ್ಲಿ ಅರ್ಧ ಗಂಟೆ ಬಿಡಿ. ದೀಪ ಹತ್ತಿದರೂ ಓಡಿಸುತ್ತಲೇ ಇದ್ದರೆ ಆಮೇಲಿನ ಬಿಲ್ಲು ದೊಡ್ಡದು.

ಟೈರಿನ ಪಕ್ಕದಲ್ಲಿ ಬರೆದ ಅಂಕಿಗಳಲ್ಲಿ ಒಂದು ಲೋಡ್ ಇಂಡೆಕ್ಸ್. 100 ಅಂತಿದ್ದರೆ ಆ ಟೈರು ಹೊರುವುದು 800 ಕೆಜಿ. ಹಿಂದಿನ ಎರಡು ಟೈರಿಗೆ 1,600, ಅದರೊಳಗೆ ಗಾಡಿಯ ಹಿಂಭಾಗದ ಸ್ವಂತ ತೂಕವೂ ಸೇರಬೇಕು. ಟೈರು ಬದಲಿಸುವಾಗ ಅಗ್ಗಕ್ಕೆ ಸಿಕ್ಕಿತು ಅಂತ ಕಡಿಮೆ ಇಂಡೆಕ್ಸಿನದು ಹಾಕಿಸಿದರೆ ಬೇಸಿಗೆಯ ಮಧ್ಯಾಹ್ನ ಹೈವೇಯಲ್ಲಿ ಸಿಡಿಯುತ್ತದೆ. ಲೋಡನ್ನೂ ಹಿಂದಿನ ಆಕ್ಸಲ್ಲಿನ ಆಚೆ ಪೇರಿಸಬೇಡಿ. ಮುಂಭಾಗ ಹಗುರಾಗಿ ಸ್ಟೇರಿಂಗು ಮಾತು ಕೇಳುವುದಿಲ್ಲ. ಹುಲ್ಲು, ಹೂವು, ಥರ್ಮಾಕೋಲ್ ಹೊಡೆಯುವವರಿಗೆ ಇದ್ಯಾವುದೂ ತಲೆನೋವಲ್ಲ. ಅವರಿಗೆ ಟನ್ನು ಬೇಡ, ಉದ್ದದ ಡೆಕ್ಕು ಸಾಕು.

ಅಳಿಯ ಕೊನೆಗೆ ತಗೊಂಡದ್ದು ಒಂದೂವರೆ ಟನ್ನಿನ, 3,000 ಕೆಜಿಯೊಳಗಿನ ಗಾಡಿ. ಕಂಪನಿಯ ಡೆಕ್ಕನ್ನೇ ಇಟ್ಟುಕೊಂಡ, 85 ಬಾಕ್ಸಿಗೆ ನಿಲ್ಲಿಸುತ್ತಾನೆ. ಪಕ್ಕದವರು ನೂರಿಪ್ಪತ್ತು ಹಾಕುವಾಗ ಅವನ ಬಾಡಿಗೆ ಕಡಿಮೆ ಬೀಳುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ತೋಟ ಹತ್ತಿರವಿದ್ದ ದಿನ ಎರಡನೇ ಟ್ರಿಪ್ ಹೊಡೆದು ಸರಿಮಾಡುತ್ತಾನೆ. ದೂರವಿದ್ದ ದಿನ ಇಲ್ಲ. ಗಾಡಿ ಆರಿಸುವಾಗ ಅವನು ಇನ್ನೊಂದು ಕೆಲಸ ಮಾಡಿದ. ಮುಳಬಾಗಿಲು, ಶ್ರೀನಿವಾಸಪುರ ಎರಡೂ ಕಡೆ ಯಾವ ಗಾಡಿಯ ಕ್ಲಚ್ ಸೆಟ್ಟು, ವ್ಹೀಲ್ ಸಿಲಿಂಡರು ಅಂಗಡಿಯಲ್ಲಿ ಕೂಡಲೇ ಸಿಗುತ್ತದೆ ಅಂತ ವಿಚಾರಿಸಿದ. ಮಾವಿನ ಸೀಸನ್ನಿನಲ್ಲಿ ಸ್ಪೇರ್ ಪಾರ್ಟಿಗೆ ನಾಲ್ಕು ದಿನ ಕಾದರೆ ಇಎಂಐ ಕಾಯುವುದಿಲ್ಲ. ಕಂತನ್ನೂ ಟೊಮೆಟೊ ರೇಟು ಬಿದ್ದು ರೈತ ಕೊಯ್ಲೇ ಮಾಡಿಸದ ತಿಂಗಳು ಕಟ್ಟಲಾಗುವಷ್ಟಕ್ಕೇ ಇಟ್ಟುಕೊಂಡ.

ಹಳೆ ಗಾಡಿ ತಗೊಳ್ಳುವವರು ಬಣ್ಣ ನೋಡಬೇಡಿ, ಅಡಿಗೆ ನುಗ್ಗಿ. ಕ್ಯಾಬಿನ್ನಿನ ಹಿಂದೆ ಚಾಸಿಸ್ಸಿಗೆ ವೆಲ್ಡಿಂಗ್ ಬಿದ್ದಿದ್ದರೆ, ಅಲ್ಲಿ ಮಾತ್ರ ಹೊಸ ಪೇಂಟಿದ್ದರೆ, ವಾಪಸ್ ಬನ್ನಿ. ಕಮಾನು ಪ್ಲೇಟುಗಳನ್ನು ಎಣಿಸಿ; ಕಂಪನಿ ಕೊಟ್ಟದ್ದಕ್ಕಿಂತ ಹೆಚ್ಚಿದ್ದರೆ ಆ ಗಾಡಿ ಹೇಗೆ ದುಡಿದಿದೆ ಅಂತ ಯಾರೂ ಹೇಳಬೇಕಾಗಿಲ್ಲ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಗೇರು ತಾನಾಗಿ ಜಾರಿದರೆ, ಹಿಂದಿನ ಆಕ್ಸಲ್ಲು ಊಳಿಟ್ಟರೆ ರೇಟು ಇಳಿಸಿ ಮಾತಾಡಿ. ಆರ್‌ಸಿಯಲ್ಲಿ ಫೈನಾನ್ಸಿನ ಹೆಸರು ಇನ್ನೂ ಇದ್ದರೆ ಅವರ ಎನ್‌ಓಸಿ, ಫಾರಂ 35 ಕೈಗೆ ಬರಲಿ. ಹಳೆ ಇ-ಚಲನ್ನುಗಳನ್ನು ಪರಿವಾಹನ್‌ನಲ್ಲಿ ನೋಡುವುದು ಟೋಕನ್ ಅಡ್ವಾನ್ಸ್ ಕೊಡುವ ಮುಂಚೆ. ಕೊಟ್ಟಮೇಲೆ ಮಾರಿದವನು ಫೋನೇ ಎತ್ತುವುದಿಲ್ಲ.