ಬಿಚ್ಚುವ ಮೊದಲು

ಕೈಗಡಿಯಾರ ಕೆಟ್ಟಾಗ ಅದರ ಒಡೆಯ ಹೇಳುವ ಮಾತು ಸಾಮಾನ್ಯವಾಗಿ ಎರಡೇ. ಒಂದೋ ನಿಂತುಹೋಗಿದೆ, ಇಲ್ಲವೇ ಸರಿಯಾದ ಹೊತ್ತು ತೋರಿಸುತ್ತಿಲ್ಲ. ರೋಗಿಯೊಬ್ಬ ವೈದ್ಯನ ಮುಂದೆ ಕುಳಿತು ‘ಮೈ ಸರಿಯಿಲ್ಲ’ ಎಂದಷ್ಟೇ ಹೇಳಿ ಸುಮ್ಮನಾದಂತೆ ಇದು. ಅಷ್ಟು ಮಾತಿನಿಂದ ಕಾರಣವನ್ನು ಹುಡುಕಿ ತೆಗೆಯುವುದು ರಿಪೇರಿಯವನ ವಿದ್ಯೆ. ಆ ವಿದ್ಯೆಯನ್ನು ನಾನು ಮೂರು ವರ್ಷ ಕಲಿತೆ. ಪೂರ್ತಿಯಾಗಿ ಕೈವಶವಾಯಿತೆಂದು ಹೇಳಲಾರೆ. ಆದರೆ ಕಲಿಯುವುದೆಂದರೇನು ಎಂಬುದು ಮಾತ್ರ ಅಲ್ಲಿಯೇ ತಿಳಿಯಿತು.

ಹೊಸಕೋಟೆಯಿಂದ ದೇವನಹಳ್ಳಿಯ ಕಡೆಗೆ ಹೋಗುವ ದಾರಿಯಲ್ಲಿ ಸೂಲಿಬೆಲೆ ಸಿಗುತ್ತದೆ. 1970ರ ದಶಕದ ಕೊನೆಯಲ್ಲಿ ಅಲ್ಲಿಯ ಒಂದು ಹೆಂಚಿನ ಮನೆಯ ಮುಂಭಾಗದಲ್ಲಿ ಗಡಿಯಾರ ರಿಪೇರಿಯ ಅಂಗಡಿಯಿತ್ತು. ಶಾಲೆಯೆಂಬ ಹಲಗೆಯಾಗಲಿ, ಹಾಜರಿ ಪುಸ್ತಕವಾಗಲಿ ಇರಲಿಲ್ಲ. ಆದರೂ ನಾವು ಮೂವರು ಹುಡುಗರು ಅಲ್ಲಿ ವಿದ್ಯಾರ್ಥಿಗಳು. ಬೆಂಗಳೂರಿನಲ್ಲಿ ಕೆಲಸ ಕಲಿತು ಬಂದಿದ್ದ ಅಂಗಡಿಯವರನ್ನು ನಾವು ಯಜಮಾನರು ಎಂದು ಕರೆಯುತ್ತಿದ್ದೆವು.

ಅದು ಹಳ್ಳಿಗಳಿಗೆ ಕೈಗಡಿಯಾರ ಬರುತ್ತಿದ್ದ ಕಾಲ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಎಚ್‌.ಎಂ.ಟಿ. ಸಂಸ್ಥೆ 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರದ ತಯಾರಿಕೆಯನ್ನು ಆರಂಭಿಸಿತ್ತು. 1978ರಲ್ಲಿ ತುಮಕೂರಿನಲ್ಲಿಯೂ ಕಾರ್ಖಾನೆಯಾಯಿತು. ಮದುವೆಯಲ್ಲಿ ಅಳಿಯನಿಗೆ ವಾಚು ಕಟ್ಟುವುದು ಮಾವನ ಮರ್ಯಾದೆಯ ಮಾತಾಗಿತ್ತು. ಸಂಕ್ರಾಂತಿಯ ಆಸುಪಾಸಿನಲ್ಲಿ ರಾಗಿಯ ಕಣದಿಂದ ಎದ್ದುಬಂದವರ ವಾಚುಗಳು ಧೂಳು ತುಂಬಿಕೊಂಡು ನಮ್ಮ ಮೇಜಿಗೆ ಬರುತ್ತಿದ್ದವು. ರೇಷ್ಮೆಹುಳುವಿಗೆ ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕಾದ ಮನೆಗಳಿಂದ ಅಲಾರಂ ಗಡಿಯಾರಗಳು ಬರುತ್ತಿದ್ದವು.

ಮೊದಲ ಆರು ತಿಂಗಳು ನನಗೆ ಕೈಗಡಿಯಾರವನ್ನು ಮುಟ್ಟಲು ಬಿಡಲಿಲ್ಲ. ಅಲಾರಂ ಗಡಿಯಾರಗಳ ಚಕ್ರಗಳನ್ನು ಪೆಟ್ರೋಲಿನಲ್ಲಿ ತೊಳೆದು ಒರೆಸುವುದು, ಚಿಮುಟದಿಂದ ತಿರುಪನ್ನು ಎತ್ತಿ ಇನ್ನೊಂದು ಬಟ್ಟಲಿಗೆ ಹಾಕುವುದು, ಇದೇ ಪಾಠ. ಸಾಸಿವೆಗಿಂತ ಚಿಕ್ಕ ತಿರುಪನ್ನು ಬಿಗಿಯಾಗಿ ಹಿಡಿದರೆ ಅದು ಚಿಮ್ಮಿ ಮೂಲೆ ಸೇರುತ್ತದೆ. ಸಡಿಲವಾಗಿ ಹಿಡಿದರೆ ಜಾರುತ್ತದೆ. ಈ ಎರಡರ ನಡುವಿನ ಹದವನ್ನು ಯಾವ ಪುಸ್ತಕವೂ ಹೇಳಲಾರದು. ಬೆರಳು ತಾನಾಗಿಯೇ ಒಂದು ದಿನ ತಿಳಿದುಕೊಳ್ಳುತ್ತದೆ.

ಇನ್ನು ಕೈಗಡಿಯಾರದ ಒಳಗನ್ನು ಸ್ವಲ್ಪ ನೋಡೋಣ. ನಾವು ಕೀಲಿ ಕೊಟ್ಟಾಗ ಡಬ್ಬಿಯೊಳಗಿನ ಉಕ್ಕಿನ ಪಟ್ಟಿ ಸುತ್ತಿಕೊಳ್ಳುತ್ತದೆ. ಅದು ಬಿಚ್ಚಿಕೊಳ್ಳಲು ಹವಣಿಸುವ ಬಲವೇ ಚಕ್ರಗಳನ್ನು ತಿರುಗಿಸುವ ಶಕ್ತಿ. ತಡೆಯುವವರಿಲ್ಲದಿದ್ದರೆ ಆ ಬಲವೆಲ್ಲ ಕ್ಷಣದಲ್ಲಿ ಮುಗಿದುಹೋದೀತು. ತಡೆಯುವುದು ಕೊನೆಯ ಹಲ್ಲಿನ ಚಕ್ರದ ಬಳಿ ಕುಳಿತ ಪುಟ್ಟ ಕವಲುಗೋಲು. ಅದು ಒಂದೊಂದೇ ಹಲ್ಲನ್ನು ಹಿಡಿದು ಬಿಡುತ್ತದೆ. ನಮಗೆ ಕೇಳುವ ಟಿಕ್ ಟಿಕ್ ಅದರದೇ ಸದ್ದು. ಯಾವಾಗ ಬಿಡಬೇಕೆಂದು ಅದಕ್ಕೆ ಹೇಳುವುದು ಬ್ಯಾಲೆನ್ಸ್ ಚಕ್ರ. ಕೂದಲಿನಷ್ಟು ತೆಳುವಾದ ಸುರುಳಿಯೊಂದು ಆ ಚಕ್ರವನ್ನು ಅತ್ತಿಂದಿತ್ತ ತೂಗುತ್ತದೆ. ಈ ಸುರುಳಿಯನ್ನು ಗಡಿಯಾರಕ್ಕೆ ಅಳವಡಿಸುವ ಬಗೆಯನ್ನು ಹಾಲೆಂಡಿನ ವಿಜ್ಞಾನಿ ಹೈಗೆನ್ಸ್ 1675ರಲ್ಲಿ ಪ್ರಕಟಿಸಿದ. ನಮ್ಮ ಮೇಜಿಗೆ ಹೆಚ್ಚಾಗಿ ಬರುತ್ತಿದ್ದ ‘ಜನತಾ’ ವಾಚಿನಲ್ಲಿ ಈ ಬಡಿತ ಗಂಟೆಗೆ 18,000, ಅಂದರೆ ಸೆಕೆಂಡಿಗೆ 5. ದಿನಕ್ಕೆ 4,32,000 ಬಡಿತ. ಸುರುಳಿಯ ಉದ್ದ ಕಡಿಮೆಯಾದರೆ ಬಡಿತ ಚುರುಕಾಗುತ್ತದೆ, ಗಡಿಯಾರ ಮುಂದೆ ಓಡುತ್ತದೆ. ಇದೊಂದನ್ನು ನೆನಪಿಟ್ಟುಕೊಂಡರೆ ನನ್ನ ಮುಂದಿನ ಕಥೆ ನಿಮಗೆ ಅರ್ಥವಾಗುತ್ತದೆ.

ಎರಡನೆಯ ವರ್ಷ ಹತ್ತಿರದ ಹಳ್ಳಿಯ ಶಾಲೆಯ ಮೇಷ್ಟರೊಬ್ಬರು ತಮ್ಮ ವಾಚನ್ನು ತಂದುಕೊಟ್ಟರು. ಸಂಜೆ ರೇಡಿಯೊ ವಾರ್ತೆಗೆ ಸರಿಪಡಿಸಿಟ್ಟರೆ ಬೆಳಗ್ಗೆ ಶಾಲೆಯ ಗಂಟೆಯ ಹೊತ್ತಿಗೆ ಹತ್ತು ನಿಮಿಷಕ್ಕೂ ಹೆಚ್ಚು ಮುಂದೆ ಹೋಗಿರುತ್ತಿತ್ತು. ಯಜಮಾನರು ಊರಿನಲ್ಲಿರಲಿಲ್ಲ. ನಾನು ಧೈರ್ಯಮಾಡಿ ವಾಚನ್ನು ಬಿಚ್ಚಿದೆ. ಸುರುಳಿಯ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಎಣ್ಣೆ ತಾಗಿದರೆ ಹಾಗಾಗುವುದುಂಟು. ಅಂಟಿದ ಸುರುಳಿ ಕುಳ್ಳಾದ ಸುರುಳಿಯಂತೆಯೇ ವರ್ತಿಸುತ್ತದೆ. ಕಾರಣ ಸಿಕ್ಕಿತೆಂದು ಹಿಗ್ಗಿ ಪೆಟ್ರೋಲಿನಲ್ಲಿ ತೊಳೆದು ಜೋಡಿಸಿದೆ. ಮತ್ತೆ ಅಂಟಿಕೊಂಡಿತು. ಎರಡನೆಯ ಸಲ ತೊಳೆಯಲು ತೆಗೆಯುವಾಗ ಚಿಮುಟ ಜಾರಿ ಸುರುಳಿಯ ಹೊರಸುತ್ತು ಡೊಂಕಾಯಿತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೇಷ್ಟರ ಸಂಬಳವೆಷ್ಟೆಂದು ನನಗೆ ಗೊತ್ತಿತ್ತು.

ಮರುದಿನ ಬಂದ ಯಜಮಾನರು ನಾನು ಹೇಳಿದ್ದನ್ನೆಲ್ಲ ಕೇಳಿ ಬೈಯಲಿಲ್ಲ. ಸೊರುಗಿನಿಂದ ಒಂದು ಚಿಕ್ಕ ದಿಕ್ಸೂಚಿಯನ್ನು ತೆಗೆದು ವಾಚಿನ ಪಕ್ಕಕ್ಕೆ ಹಿಡಿದರು. ಅದರ ಮುಳ್ಳು ನಡುಗಿ ಹೊರಳಿತು. ಸಂಜೆ ಮೇಷ್ಟರು ಬಂದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ಮೇಷ್ಟ್ರೇ, ರಾತ್ರಿ ಹೊತ್ತು ವಾಚು ಎಲ್ಲಿಡ್ತೀರಿ?”

“ಇನ್ನೆಲ್ಲಿ? ರೇಡಿಯೊ ಮೇಲೆ. ವಾರ್ತೆ ಬಂದಾಗ ಟೈಮು ಸರಿಮಾಡಿ ಅಲ್ಲೇ ಇಡ್ತೀನಿ.”

ರೇಡಿಯೊದ ಧ್ವನಿವರ್ಧಕದಲ್ಲಿ ಬಲವಾದ ಅಯಸ್ಕಾಂತವಿರುತ್ತದೆ. ಅದರ ಸಹವಾಸದಿಂದ ಸುರುಳಿಯೂ ಕಾಂತವಾಗಿ, ಸುತ್ತುಗಳು ಒಂದನ್ನೊಂದು ಸೆಳೆದುಕೊಂಡಿದ್ದವು. ಸರಿಯಾದ ಹೊತ್ತನ್ನು ಹೇಳುತ್ತಿದ್ದ ಪೆಟ್ಟಿಗೆಯೇ ಹೊತ್ತನ್ನು ಕೆಡಿಸುತ್ತಿತ್ತು! ಯಜಮಾನರು ವಾಚನ್ನು ತಂತಿ ಸುತ್ತಿದ ಒಂದು ಉಪಕರಣದೊಳಗಿಟ್ಟು, ವಿದ್ಯುತ್ತು ಹರಿಯುತ್ತಿರುವಂತೆಯೇ ಮೆಲ್ಲಗೆ ಹೊರಗೆಳೆದರು. ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ಕಾಂತಬಲ ದೂರವಾದಂತೆ ಕ್ಷೀಣಿಸುತ್ತ, ಲೋಹದಲ್ಲಿ ನೆಲೆಸಿದ್ದ ಕಾಂತಗುಣವನ್ನು ಅಳಿಸಿಬಿಡುತ್ತದೆ. ಬಳಿಕ ಡೊಂಕಾದ ಸುತ್ತನ್ನು ಕಣ್ಣುಗಾಜಿನಡಿ ಎರಡು ಚಿಮುಟ ಹಿಡಿದು ತಿದ್ದಿದರು. ಮೇಷ್ಟರು ಜೇಬಿಗೆ ಕೈ ಹಾಕಿದಾಗ ಹೇಳಿದರು: “ಒಂದು ತಪ್ಪು ನಿಮ್ಮ ರೇಡಿಯೊದ್ದು, ಇನ್ನೊಂದು ನಮ್ಮ ಅಂಗಡೀದು. ನಮ್ಮ ತಪ್ಪಿಗೆ ದುಡ್ಡು ಈಸ್ಕೊಳ್ಳೋ ಹಾಗಿಲ್ಲ.”

ಮೇಷ್ಟರು ಮಾರನೆಯ ದಿನ ಶಾಲೆಯಲ್ಲಿ, ತಡವಾಗಿ ಬಂದವರೆಂದು ಬರೆದಿಟ್ಟಿದ್ದ ಮಕ್ಕಳ ಹೆಸರುಗಳನ್ನೆಲ್ಲ ಹೊಡೆದುಹಾಕಿದರಂತೆ. ನನಗೆ ಸಿಕ್ಕಿದ್ದು ಹಳೆಯದೊಂದು ಸುರುಳಿ. ಯಜಮಾನರು ಅದನ್ನು ಬೇಕೆಂದೇ ಡೊಂಕುಮಾಡಿ ಕೊಟ್ಟರು. ನೇರಮಾಡಲು ನನಗೆ ಒಂದು ತಿಂಗಳು ಹಿಡಿಯಿತು. “ಬಿಚ್ಚೋದು ಯಾರಿಗಾದರೂ ಬರುತ್ತೆ ಕಣಪ್ಪ. ಬಿಚ್ಚೋಕೆ ಮೊದಲು ಕೇಳೋದನ್ನ ಕಲಿ” ಎಂದರು. ವಾಚು ತಂದವನ ಉದ್ಯೋಗವೇನು, ಮಲಗುವಾಗ ಅದನ್ನು ಎಲ್ಲಿಡುತ್ತಾನೆ, ಕೀಲಿಯನ್ನು ಯಾವ ಹೊತ್ತಿಗೆ ಕೊಡುತ್ತಾನೆ, ಇವೆಲ್ಲ ವಾಚಿನ ಭಾಗಗಳೇ ಎಂದು ಅಂದಿನಿಂದ ತಿಳಿದೆ.

ಇಷ್ಟರಲ್ಲಿ ಲೋಕ ಬದಲಾಗಿತ್ತು. 1969ರ ಡಿಸೆಂಬರಿನಲ್ಲಿಯೇ ಜಪಾನಿನ ಸೀಕೋ ಕಂಪನಿ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕೆ ತಂದಿತ್ತು. ಇಂದು ಸಾಮಾನ್ಯವಾಗಿರುವ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ; ಅದರ ಮುಂದೆ ನಮ್ಮ ಐದು ಬಡಿತ ಯಾವ ಲೆಕ್ಕ? ಸೆಲ್ ಬದಲಾಯಿಸುವುದಕ್ಕೆ ಮೂರು ವರ್ಷದ ಕಲಿಕೆ ಬೇಕಿಲ್ಲ. ನಾನು ಬೇರೆ ಕೆಲಸ ಹಿಡಿದೆ. ಯಜಮಾನರ ನಂತರ ಅಂಗಡಿ ಮುಚ್ಚಿತು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌.ಎಂ.ಟಿ. ವಾಚ್ ಸಂಸ್ಥೆಯನ್ನೂ ಮುಚ್ಚಲು ತೀರ್ಮಾನಿಸಿತು. ಅದರ ಹಳೆಯ ಯಂತ್ರಗಳನ್ನೂ ವಾಚುಗಳನ್ನೂ ಜಾಲಹಳ್ಳಿಯ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಆದರೆ ತಿರುಪು ಹಿಡಿಯುವ ಬೆರಳಿನ ಹದವನ್ನು ಗಾಜಿನ ಬೀರುವಿನಲ್ಲಿ ಇಡುವುದು ಹೇಗೆ? ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸ್ ದೇಶಗಳ ಗಡಿಯಾರ ಕುಶಲವಿದ್ಯೆಯನ್ನು ಯುನೆಸ್ಕೊ 2020ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿಯೂ ಆ ವಿದ್ಯೆ ಉಳಿಯುವುದು ಪಟ್ಟಿಯಿಂದಲ್ಲ, ಗುರುವಿನ ಪಕ್ಕದಲ್ಲಿ ಕುಳಿತ ಹುಡುಗನಿಂದ.

ತಪ್ಪೆಲ್ಲ ಕ್ವಾರ್ಟ್ಜಿನದೆಂದು ಬಹಳ ಕಾಲ ಹೇಳಿಕೊಂಡು ಬಂದೆ. ಈಗ ಹಾಗೆನ್ನಲು ಮನಸ್ಸು ಒಪ್ಪುವುದಿಲ್ಲ. ನನಗೆ ಯಜಮಾನರು ಕಲಿಸಿದರು; ನಾನು ಯಾರಿಗೂ ಕಲಿಸಲಿಲ್ಲ. ಹೋದ ತಿಂಗಳು ಪಕ್ಕದ ಮನೆಯ ಹುಡುಗನೊಬ್ಬ ತನ್ನ ಅಜ್ಜನ ‘ಜನತಾ’ ವಾಚನ್ನು ತಂದು, ಮುಂದೆ ಓಡುತ್ತದೆ ಎಂದ. ಬಿಚ್ಚಲು ಕೈ ಹೋಯಿತು. ತಡೆದುಕೊಂಡು ಕೇಳಿದೆ: “ರಾತ್ರಿ ಇದನ್ನ ಎಲ್ಲಿಡ್ತೀಯಪ್ಪ?” ಪ್ರಶ್ನೆ ಯಾಕೆಂದು ಹುಡುಗ ಕೇಳಿದ. ಕುರ್ಚಿ ಎಳೆದು ಪಕ್ಕದಲ್ಲಿ ಕೂರಿಸಿಕೊಂಡೆ.